ಗಡಿಯಾಚೆಯ ಕನ್ನಡ ಮಗುವಿಗೆ ವಿಶೇಷ ಶಿಕ್ಷಣ ಯಾವ ಭಾಷೆಯಲ್ಲಿ?

ಆಂಧ್ರಪ್ರದೇಶದ ನಕಾಶೆ ಬಿಡಿಸುವವರ ಪೆನ್ಸಿಲು ತಡವರಿಸುವ ಜಾಗವೊಂದಿದೆ. ನೈರುತ್ಯದ ಆ ಮೂಲೆಯಲ್ಲಿ ಮಡಕಶಿರಾ ಸೀಮೆ ಕರ್ನಾಟಕದೊಳಕ್ಕೆ ಚಾಚಿಕೊಂಡಿದ್ದರೆ, ಅದರ ಮಗ್ಗುಲಲ್ಲೇ ಕರ್ನಾಟಕದ ಪಾವಗಡ ಆಂಧ್ರದೊಳಕ್ಕೆ ಚಾಚಿಕೊಂಡಿದೆ. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆಯ ಸಂತೆಗಳಲ್ಲಿ ಕನ್ನಡ ಯಾವಾಗ ತೆಲುಗಾಯಿತು, ತೆಲುಗು ಯಾವಾಗ ಕನ್ನಡವಾಯಿತು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಉತ್ತರಕ್ಕೆ ಹೋದರೆ ರಾಯದುರ್ಗ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು ತಾಲ್ಲೂಕುಗಳ ಜೊತೆ ಬೇರ್ಪಟ್ಟು ಆಚೆಗೆ ಸೇರಿದ ಊರು ಅದು. ಇಂದಿಗೂ ಅಲ್ಲಿನವರಿಗೆ ಬಳ್ಳಾರಿ ಹತ್ತಿರ, ಅನಂತಪುರ ದೂರ.

ಈ ಎರಡೂ ಸೀಮೆಗಳಲ್ಲಿ ಸರ್ಕಾರಿ ಕನ್ನಡ ಶಾಲೆಗಳಿವೆ. ಪಠ್ಯಪುಸ್ತಕ ಕನ್ನಡದ್ದು, ಅಚ್ಚು ಹಾಕಿಸುವುದು ಆಂಧ್ರ ಸರ್ಕಾರ. ಗಡಿನಾಡ ಕನ್ನಡ ಶಾಲೆ ಎಂದೊಡನೆ ಪತ್ರಿಕೆಗಳು ಬರೆಯುವುದು ಶಿಕ್ಷಕರ ಕೊರತೆಯ ಬಗ್ಗೆ, ಪುಸ್ತಕ ತಡವಾಗಿ ಬಂದುದರ ಬಗ್ಗೆ, ಇಂಗ್ಲಿಷ್ ಮಾಧ್ಯಮದ ಒತ್ತಡದ ಬಗ್ಗೆ. ಅದೇ ಶಾಲೆಯ ಕೊನೆಯ ಬೆಂಚಿನಲ್ಲಿ ಕಿವಿ ಕೇಳದ, ಅಕ್ಷರ ಕೂಡಿಬಾರದ, ನಡೆಯಲು ಕಷ್ಟಪಡುವ ಮಗು ಕೂತಿರುತ್ತದೆ. ಆ ಮಗುವಿಗಾಗಿ ಸರ್ಕಾರ ಮಾಡಿರುವ ವ್ಯವಸ್ಥೆಯೇ ಬೇರೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಅದು ಸಾಕಷ್ಟು ಬೆಳೆದಿದೆ. ಹಾಗೆ ಬೆಳೆಯುವಾಗ ವೈಕಲ್ಯದ ಬಗೆಗಳನ್ನು, ಶೇಕಡಾವಾರು ತೀವ್ರತೆಯನ್ನು, ಶಿಕ್ಷಕರ ತಲೆಲೆಕ್ಕವನ್ನು ಎಣಿಸುವುದು ಕಲಿತಿದೆ. ಮಗುವಿನ ಮನೆಮಾತನ್ನು ಎಣಿಸುವುದು ಮಾತ್ರ ಇನ್ನೂ ಕಲಿಯಬೇಕಾಗಿದೆ.

ಆಂಧ್ರದಲ್ಲಿ ಈ ವ್ಯವಸ್ಥೆಯ ಹೆಸರು ‘ಭವಿತ’. ಮಂಡಲಕ್ಕೊಂದು ಭವಿತ ಕೇಂದ್ರ. ಊರವರ ಬಾಯಲ್ಲಿ ‘ಭವಿತ ಸೆಂಟರು’. ಸಾಮಾನ್ಯವಾಗಿ ಯಾವುದಾದರೂ ಸರ್ಕಾರಿ ಶಾಲೆಯ ಆವರಣದಲ್ಲೇ ಇದರ ಕೋಣೆ ಇರುತ್ತದೆ. ಗುತ್ತಿಗೆ ಆಧಾರದ ಸಂಪನ್ಮೂಲ ಶಿಕ್ಷಕರು ನಡೆಸುತ್ತಾರೆ. ಕಡತಗಳಲ್ಲಿ ಅವರು ‘ಐಇಆರ್‌ಪಿ’, ಮೊದಲು ‘ಐಇಆರ್‌ಟಿ’. ಶಾಲೆಗೆ ಇನ್ನೂ ಹೊಂದಿಕೊಳ್ಳಲಾಗದ ಮಕ್ಕಳು ಇಲ್ಲಿಗೆ ಬಂದು ಕೂರುವುದು, ತಟ್ಟೆಯಿಂದ ತಾವೇ ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ಬಣ್ಣ ಗುರುತಿಸುವುದು, ಹೆಸರು ಕರೆದರೆ ತಿರುಗುವುದನ್ನು ಕಲಿಯುತ್ತಾರೆ. ನಿಗದಿತ ದಿನಗಳಲ್ಲಿ ಫಿಸಿಯೊಥೆರಪಿಸ್ಟ್ ಬರುತ್ತಾರೆ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳ ಮನೆಗೆ ಈ ಶಿಕ್ಷಕರೇ ಹೋಗಿ ತಾಯಂದಿರಿಗೆ ಕೈಕಾಲು ಆಡಿಸುವ, ಕೂರಿಸುವ, ಮಾತಾಡಿಸುವ ಕ್ರಮ ತೋರಿಸಿ ಬರುತ್ತಾರೆ. ಉಳಿದ ಸಮಯದಲ್ಲಿ ಮಂಡಲದ ಶಾಲೆಗಳಿಗೆ ಹೋಗಿ, ಸಾಮಾನ್ಯ ತರಗತಿಯಲ್ಲಿ ಓದುತ್ತಿರುವ ವಿಕಲಚೇತನ ಮಕ್ಕಳ ಶಿಕ್ಷಕರಿಗೆ ನೆರವಾಗಬೇಕು. ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಆದರೂ ಅಷ್ಟೇ ಜನ.

ಇಲ್ಲಿ ಕರ್ನಾಟಕದವರು ಗಮನಿಸಬೇಕಾದ ಒಂದು ಸಂಗತಿಯಿದೆ. ಕರ್ನಾಟಕದಲ್ಲಿ ಇದೇ ಕೆಲಸ ನಡೆಯುವುದು ಬ್ಲಾಕ್ ಮಟ್ಟದಲ್ಲಿ. ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಕೂರುವ ‘ಬಿಐಇಆರ್‌ಟಿ’ ಶಿಕ್ಷಕರ ಕೈಗೆ ಇಡೀ ತಾಲ್ಲೂಕು. ಆಂಧ್ರದಲ್ಲಿ 1985ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ತಾಲ್ಲೂಕುಗಳನ್ನು ಒಡೆದು ಸಣ್ಣ ಮಂಡಲಗಳನ್ನು ಮಾಡಿತು. ಹಳೆಯ ಮಡಕಶಿರಾ ಸೀಮೆ ಇಂದು ಮಡಕಶಿರಾ, ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಎಂಬ ಐದು ಮಂಡಲಗಳು. ರಾಯದುರ್ಗದ ಸುತ್ತ ಡಿ. ಹಿರೇಹಾಳು, ಕಣೇಕಲ್ಲು, ಬೊಮ್ಮನಹಾಳು, ಗುಮ್ಮಗಟ್ಟ ಇವೆ. ಹೀಗಾಗಿ ರೊಳ್ಳದ ಮಗುವಿಗೆ ಸಂಪನ್ಮೂಲ ಕೇಂದ್ರ ಹತ್ತಿರ. ಗಡಿ ದಾಟಿ ಶಿರಾ ತಾಲ್ಲೂಕಿನ ಕೊನೆಯ ಹಳ್ಳಿಯಲ್ಲಿ ಹುಟ್ಟಿದ ಮಗುವಿಗೆ ದೂರ. ವಿಶೇಷ ಶಿಕ್ಷಣದಲ್ಲಿ ದೂರವೆಂದರೆ ಕಿಲೋಮೀಟರ್ ಅಷ್ಟೇ ಅಲ್ಲ, ಮಗುವನ್ನು ಸೊಂಟದ ಮೇಲೆ ಹೊತ್ತು ಬರುವ ತಾಯಿಯ ಅರ್ಧ ದಿನದ ಕೂಲಿ ಕೂಡ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸಾರಿಗೆ ಭತ್ಯೆ, ಮಗುವನ್ನು ಕರೆತರುವವರಿಗೆ ಭತ್ಯೆ ಎಂದು ಬೇರೆ ಬೇರೆ ತಲೆಬರಹಗಳಿರುವುದು ಇದಕ್ಕೇ. ಆಡಳಿತ ಯಾವುದೋ ಬೇರೆ ಕಾರಣಕ್ಕೆ ಹಾಕಿದ ಗೆರೆ ನಲವತ್ತು ವರ್ಷದ ಮೇಲೆ ಹೀಗೆ ಉಪಕಾರಕ್ಕೆ ಬಂದಿದೆ.

ಎಲ್ಲ ಗೆರೆಗಳೂ ಹಾಗಲ್ಲ. 2022ರ ಏಪ್ರಿಲ್ 4ರಂದು ಅನಂತಪುರ ಜಿಲ್ಲೆ ಒಡೆದು, ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಅಲ್ಲಿಯವರೆಗೆ ಒಂದೇ ಜಿಲ್ಲಾ ಕಚೇರಿಯಲ್ಲಿ ಕೂಡಿ ಬರುತ್ತಿದ್ದ ಗಡಿನಾಡ ಕನ್ನಡ ಶಾಲೆಗಳ ಲೆಕ್ಕ ಎರಡು ಕಡತಗಳಾಯಿತು. ಒಂದು ಅನಂತಪುರದಲ್ಲಿ, ಇನ್ನೊಂದು ಪುಟ್ಟಪರ್ತಿಯಲ್ಲಿ. ಮೊದಲೇ ಸಣ್ಣದಾದ ಗುಂಪು ಇಬ್ಭಾಗವಾದರೆ ಪ್ರತಿ ಭಾಗವೂ ಲೆಕ್ಕಕ್ಕೆ ಸಿಗದಷ್ಟು ಸಣ್ಣದಾಗುತ್ತದೆ. ಅದೇ 2022ರ ಜೂನ್‌ನಲ್ಲಿ ಬಂದ 117ನೇ ಸರ್ಕಾರಿ ಆದೇಶ ಮೂರು, ನಾಲ್ಕು, ಐದನೇ ತರಗತಿಗಳನ್ನು ಪ್ರಾಥಮಿಕ ಶಾಲೆಯಿಂದ ಕಿತ್ತು ಹತ್ತಿರದ ಪ್ರೌಢಶಾಲೆಗೆ ಜೋಡಿಸಿತು. ನಡೆಯಬಲ್ಲ ಮಗುವಿಗೆ ಅದು ಇನ್ನೊಂದಷ್ಟು ನಡಿಗೆ, ಕ್ಯಾಲಿಪರ್ ಕಟ್ಟಿಕೊಂಡ ಮಗುವಿಗೆ ಬೇರೆಯೇ ಲೋಕ. 2025ರಲ್ಲಿ ಹೊಸ ಸರ್ಕಾರ ಆ ಆದೇಶವನ್ನು ಕೈಬಿಟ್ಟಿತು.

ಕನ್ನಡ ನಾಡಿಗೆ ವಿಶೇಷ ಶಾಲೆ ಹೊಸತೇನಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭವಾಗಿದ್ದು 1901ರಲ್ಲಿ. ಆಗಿನ ನಂಬಿಕೆ ಇಷ್ಟೇ: ಇಂಥ ಮಕ್ಕಳು ಊರು ಬಿಟ್ಟು ಬಂದು ಹಾಸ್ಟೆಲಿನಲ್ಲಿದ್ದು ಓದಬೇಕು. ಅವರು ಊರ ಶಾಲೆಯಲ್ಲೇ ಓದಲಿ ಎಂದು ಕೇಂದ್ರ ಸರ್ಕಾರ ಮೊದಲು ಯೋಜನೆ ರೂಪಿಸಿದ್ದು 1974ರಲ್ಲಿ. ಮುಂದೆ 1995ರ ಕಾಯ್ದೆ, 2001ರ ಸರ್ವ ಶಿಕ್ಷಾ ಅಭಿಯಾನ, 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದವು. 2012ರ ತಿದ್ದುಪಡಿ ತೀವ್ರ ವೈಕಲ್ಯದ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಹಕ್ಕು ಕೊಟ್ಟಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ ವೈಕಲ್ಯಗಳನ್ನು ಏಳರಿಂದ ಇಪ್ಪತ್ತೊಂದಕ್ಕೆ ಏರಿಸಿತು. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾತಿನ ತೊಂದರೆ, ಥಲಸ್ಸೀಮಿಯಾ ಎಲ್ಲವೂ ಒಳಗೆ ಬಂದವು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ ಮಗು 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲೋ ತನಗಿಷ್ಟವಾದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದಬಹುದು.

ಕಾಗದದ ಮೇಲಿನ ದಾರಿ ಅಗಲವಾದಷ್ಟು ಮಕ್ಕಳು ಶಾಲೆಗೆ ಬಂದಿದ್ದಾರೆಯೇ? 2011ರ ಜನಗಣತಿ ಹುಟ್ಟಿನಿಂದ 19 ವರ್ಷದವರೆಗಿನ ಸುಮಾರು 78.6 ಲಕ್ಷ ವಿಕಲಚೇತನರನ್ನು ಎಣಿಸಿತ್ತು. ಅದನ್ನೇ ಆಧರಿಸಿ 2019ರಲ್ಲಿ ಯುನೆಸ್ಕೊ ಹೊರತಂದ ವರದಿಯ ಪ್ರಕಾರ, ಐದು ವರ್ಷದ ವಿಕಲಚೇತನ ಮಕ್ಕಳಲ್ಲಿ ಮುಕ್ಕಾಲು ಪಾಲು ಯಾವ ಶಿಕ್ಷಣ ಸಂಸ್ಥೆಗೂ ಹೋಗುತ್ತಿರಲಿಲ್ಲ. 5ರಿಂದ 19 ವರ್ಷದವರಲ್ಲಿ ಕಾಲು ಪಾಲು ಹೊರಗಿದ್ದರು. ದೇಶದ ಶಾಲೆಗಳಲ್ಲಿ 2021-22ರಲ್ಲಿ ದಾಖಲಾಗಿದ್ದ ವಿಶೇಷ ಅಗತ್ಯದ ಮಕ್ಕಳು 22.67 ಲಕ್ಷ. ವರ್ಷ, ವಯಸ್ಸು ಬೇರೆ ಬೇರೆಯಾದ್ದರಿಂದ ಒಂದರಲ್ಲಿ ಇನ್ನೊಂದನ್ನು ಕಳೆಯುವಂತಿಲ್ಲ. ಅಂತರ ಸಣ್ಣದಲ್ಲ ಎಂಬುದಂತೂ ಸ್ಪಷ್ಟ.

ಶಿಕ್ಷಕರ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ಬಂದ ತೀರ್ಪು, ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂಬುದನ್ನು ಕೇಂದ್ರ ನಿಗದಿ ಮಾಡಲೇಬೇಕೆಂದು ಹೇಳಿತು. 2022ರ ಸೆಪ್ಟೆಂಬರ್‌ನಲ್ಲಿ ಅಧಿಸೂಚನೆ ಹೊರಬಿತ್ತು: ಒಂದರಿಂದ ಐದನೇ ತರಗತಿಯವರೆಗೆ ಹತ್ತು ವಿಕಲಚೇತನ ಮಕ್ಕಳಿಗೆ ಒಬ್ಬರು, ಆರರಿಂದ ಎಂಟರವರೆಗೆ ಹದಿನೈದು ಮಕ್ಕಳಿಗೆ ಒಬ್ಬರು. ರಾಜ್ಯಗಳು ಮೀನಮೇಷ ಎಣಿಸುತ್ತಲೇ ಇದ್ದವು. 2025ರ ಮಾರ್ಚ್ 7ರಂದು ಕೋರ್ಟು ಗಡುವು ಕೊಟ್ಟು, ಎಷ್ಟು ಹುದ್ದೆ ಎಂದು ಮೊದಲು ಘೋಷಿಸಿ, ಆಮೇಲೆ ತುಂಬಿ ಎಂದಿತು. ಆಂಧ್ರ ಸರ್ಕಾರ ಮುಂದಿನ ತಿಂಗಳಲ್ಲೇ 2,260 ವಿಶೇಷ ಶಿಕ್ಷಕರ ಹುದ್ದೆಗಳನ್ನು ಸೃಷ್ಟಿಸಿತು. 1,136 ಸೆಕೆಂಡರಿ ಗ್ರೇಡ್ ಟೀಚರ್, 1,124 ಸ್ಕೂಲ್ ಅಸಿಸ್ಟೆಂಟ್. ದಶಕಗಳಿಂದ ಗುತ್ತಿಗೆಯ ಮೇಲೆ ನಡೆದುಬಂದ ಕೆಲಸಕ್ಕೆ ಕಾಯಂ ಹುದ್ದೆ ಎಂಬುದೇ ದೊಡ್ಡ ತಿರುವು.

ಹತ್ತಕ್ಕೊಂದು, ಹದಿನೈದಕ್ಕೊಂದು ಎಂಬ ಈ ಲೆಕ್ಕದಲ್ಲಿ ಭಾಷೆಗೆ ಜಾಗವಿಲ್ಲ. ಬಹುಪಾಲು ಜಿಲ್ಲೆಗಳಲ್ಲಿ ಅದು ಬೇಕಾಗಿಯೂ ಇಲ್ಲ. ಮಗು, ಶಿಕ್ಷಕಿ, ಪುಸ್ತಕ ಮೂರರದ್ದೂ ಒಂದೇ ಭಾಷೆ. ಮಡಕಶಿರಾದಂಥ ಕಡೆ ಹಾಗಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ದೊರಕಿಸಬೇಕೆನ್ನುತ್ತದೆ. ರಾಯದುರ್ಗದ ಕನ್ನಡ ಶಾಲೆಗಳಿಗೆ ಬಲವಿರುವುದು ಇಂಥ ಖಾತರಿಯಿಂದಲೇ. ಇತ್ತ 2016ರ ಕಾಯ್ದೆಯ 16ನೇ ಸೆಕ್ಷನ್, ಕಣ್ಣು ಅಥವಾ ಕಿವಿಯ ವೈಕಲ್ಯವಿರುವ ಮಕ್ಕಳಿಗೆ ಅವರಿಗೆ ಅತ್ಯಂತ ಸೂಕ್ತವಾದ ಭಾಷೆ ಮತ್ತು ವಿಧಾನದಲ್ಲಿ ಕಲಿಸಬೇಕು ಎನ್ನುತ್ತದೆ. ಒಂದು ವಚನ ಗಡಿನಾಡ ಮಗುವಿಗೆ, ಇನ್ನೊಂದು ವಿಕಲಚೇತನ ಮಗುವಿಗೆ. ಗಡಿನಾಡಿನ ವಿಕಲಚೇತನ ಮಗುವಿಗೆ ಎರಡೂ ಸಲ್ಲಬೇಕು.

ಇದು ಭಾಷಾಭಿಮಾನದ ಮಾತಲ್ಲ, ತಪಾಸಣೆಯ ಮಾತು. ಭಾಷೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತು ಮಕ್ಕಳನ್ನು ಬುದ್ಧಿಮಾಂದ್ಯರ ತರಗತಿಗೆ ಹಾಕಲಾಗಿತ್ತು. ಅವರ ಮನೆಗಳಲ್ಲಿ ಆಡುತ್ತಿದ್ದುದು ಸ್ಪ್ಯಾನಿಷ್; ಬುದ್ಧಿಮತ್ತೆಯ ಪರೀಕ್ಷೆ ನಡೆದದ್ದು ಇಂಗ್ಲಿಷಿನಲ್ಲಿ. ಸ್ಪ್ಯಾನಿಷ್‌ನಲ್ಲಿ ಮತ್ತೆ ಪರೀಕ್ಷಿಸಿದಾಗ ಬಹುತೇಕ ಮಕ್ಕಳಿಗೆ ಆ ಹಣೆಪಟ್ಟಿ ಅನ್ವಯವೇ ಆಗುತ್ತಿರಲಿಲ್ಲ. ‘ಡಯಾನಾ ಪ್ರಕರಣ’ ಎಂದು ಹೆಸರಾದ ಆ ಮೊಕದ್ದಮೆ 1970ರಲ್ಲಿ ರಾಜಿಯಲ್ಲಿ ಮುಗಿಯಿತು. ಇನ್ನು ಮುಂದೆ ಮಗುವಿನ ಮನೆಮಾತಿನಲ್ಲೂ ಪರೀಕ್ಷಿಸತಕ್ಕದ್ದು ಎಂದು ಆಡಳಿತ ಒಪ್ಪಿತು. ಐದು ವರ್ಷದ ಮೇಲೆ, 1975ರಲ್ಲಿ, ಅಮೆರಿಕದ ವಿಶೇಷ ಶಿಕ್ಷಣದ ಮೂಲ ಕಾಯ್ದೆ ಬಂದಾಗ ಇದೇ ನಿಯಮ ಅದರೊಳಕ್ಕೆ ಸೇರಿತು. ಆ ದೇಶದ ಎಲ್ಲವನ್ನೂ ಇಲ್ಲಿಗೆ ಎತ್ತಿ ತರಬೇಕಿಲ್ಲ. ಈ ಒಂದು ಸಾಲನ್ನು ಎರವಲು ತಂದರೆ ಗಡಿ ಜಿಲ್ಲೆಗಳಿಗೆ ಉಪಯೋಗವಾದೀತು.

ಭಾಷೆಯ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮವಾಗುವುದು ಓದಲು ಬಾರದ ಮಕ್ಕಳ ವಿಷಯದಲ್ಲಿ. ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಕಾಯ್ದೆಯೊಳಗೆ ಬಂದಮೇಲೆ, 2018ರ ಜನವರಿಯ ಮಾರ್ಗಸೂಚಿ ಅದನ್ನು ಗುರುತಿಸುವ ಕ್ರಮ ಹೇಳಿತು. ಮೂರನೇ ತರಗತಿಯ ಅಥವಾ ಎಂಟು ವರ್ಷದ ಸುಮಾರಿಗೆ ಶಾಲೆಯಲ್ಲಿ ಮೊದಲ ಜರಡಿ, ನಂತರ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳು, ಪ್ರಮಾಣಪತ್ರ ಕೊಟ್ಟರೂ 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ. ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಆ್ಯಪ್ ಬಂದಮೇಲೆ ತರಗತಿಯ ಶಿಕ್ಷಕಿಯೇ ಮೊಬೈಲಿನಲ್ಲಿ ಪ್ರಶ್ನೆಗಳಿಗೆ ಗುರುತು ಹಾಕಿ, ಯಾವ ಮಗುವನ್ನು ತಜ್ಞರು ನೋಡಬೇಕು ಎಂದು ಸೂಚಿಸಬಹುದು. ಅದು ರೋಗನಿರ್ಣಯವಲ್ಲ, ಅನುಮಾನದ ಪಟ್ಟಿ ಅಷ್ಟೆ. ಆದರೂ ಆ ಪಟ್ಟಿಗೆ ಯಾರು ಸೇರುತ್ತಾರೆ, ಯಾರು ತಪ್ಪಿಹೋಗುತ್ತಾರೆ ಎಂಬುದು ಶಿಕ್ಷಕಿ ಮಗುವಿನ ಮಾತನ್ನು ಎಷ್ಟು ಬಲ್ಲಳು ಎಂಬುದರ ಮೇಲೆ ನಿಂತಿದೆ.

ಕನ್ನಡದ ಲಿಪಿಗೆ ಅದರದೇ ಗತಿಯಿದೆ. ಇಂಗ್ಲಿಷ್ ಮಗುವಿಗೆ ಇಪ್ಪತ್ತಾರು ಅಕ್ಷರ. ಕನ್ನಡ ಮಗುವಿಗೆ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳು. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೊನಾಲಿ ನಾಗ್ ಕನ್ನಡ ಶಾಲೆಗಳ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಹೇಳಿದ್ದು ಇದನ್ನೇ: ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಸಿಗಲು ಕನ್ನಡ ಮಗುವಿಗೆ ಮೊದಲೆರಡು ತರಗತಿಗಳು ಸಾಲವು, ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಅದು ಸಾಗುತ್ತಲೇ ಇರುತ್ತದೆ. ಮೂರನೇ ತರಗತಿಯಲ್ಲಿ ಒತ್ತಕ್ಷರ ತಪ್ಪುವ ಮಗುವಿಗೆಲ್ಲ ನ್ಯೂನತೆಯಿದೆ ಎಂದರೆ ಅವಸರವಾಗುತ್ತದೆ. ಹಾಗೆಂದು ‘ದೊಡ್ಡವನಾದರೆ ಬರುತ್ತೆ ಬಿಡಿ’ ಎಂದು ಸುಮ್ಮನಿದ್ದರೆ ನಿಜಕ್ಕೂ ಡಿಸ್ಲೆಕ್ಸಿಯಾ ಇರುವ ಮಗು ಐದನೇ ತರಗತಿ ದಾಟಿಬಿಟ್ಟಿರುತ್ತದೆ.

ಗಡಿನಾಡ ಮಗುವಿಗೆ ಇದರ ಮೇಲೊಂದು ತೊಡಕು. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಬೇರಿನವು. ಎಷ್ಟೋ ಅಕ್ಷರಗಳ ಒಡಲು ಒಂದೇ, ತಲೆಕಟ್ಟು ಮಾತ್ರ ಬೇರೆ. ಕನ್ನಡದಲ್ಲಿ ಮಲಗಿದ ಗೆರೆ, ತೆಲುಗಿನಲ್ಲಿ ಸರಿ ಗುರುತಿನ ಹಾಗೆ ಮೇಲೇಳುವ ಗೆರೆ. ದೊಡ್ಡವರಿಗೆ ಇದು ವರ. ಕನ್ನಡ ಬಲ್ಲವರು ಹತ್ತು ದಿನದಲ್ಲಿ ತೆಲುಗು ಬೋರ್ಡು ಓದುತ್ತಾರೆ. ಅಕ್ಷರದ ಆಕಾರವನ್ನು ನೆನಪಿನಲ್ಲಿ ಹಿಡಿದಿಡಲಾಗದೆ ಒದ್ದಾಡುವ ಮಗುವಿಗೆ ಅದೇ ಹೋಲಿಕೆ ಗೊಂದಲ. ಕನ್ನಡ ನೋಟ್‌ಬುಕ್ಕಿನಲ್ಲಿ ತೆಲುಗಿನ ತಲೆಕಟ್ಟು ಕಂಡರೆ ಅದು ಎರಡು ಲಿಪಿ ಕಲಿಯುತ್ತಿರುವ ಮಗುವಿನ ಸಹಜ ತಪ್ಪೇ, ನ್ಯೂನತೆಯ ಲಕ್ಷಣವೇ? ಎರಡೂ ಲಿಪಿ ಬಲ್ಲ ಶಿಕ್ಷಕಿಗೆ ಮಾತ್ರ ಈ ಸಂದೇಹ ಬರುತ್ತದೆ.

ಕನ್ನಡಕ್ಕೆ ಸಲಕರಣೆಯೇ ಇಲ್ಲ ಎನ್ನುವಂತಿಲ್ಲ. ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಭಾರತೀಯ ಭಾಷೆಗಳಿಗಾಗಿ ರೂಪಿಸಿದ ‘ಡಾಲಿ’ ಎಂಬ ಡಿಸ್ಲೆಕ್ಸಿಯಾ ಪರೀಕ್ಷೆ ಮೊದಲು ಹೊರಬಂದ ನಾಲ್ಕು ಭಾಷೆಗಳೆಂದರೆ ಹಿಂದಿ, ಮರಾಠಿ, ಕನ್ನಡ ಮತ್ತು ಇಂಗ್ಲಿಷ್. ಆ ಮೊದಲ ಸಾಲಿನಲ್ಲಿ ತೆಲುಗು ಇರಲಿಲ್ಲ. ಅಂದರೆ ರಾಯದುರ್ಗದ ಕನ್ನಡ ಮಗುವಿಗೆ ಬೇಕಾದ ಪರೀಕ್ಷೆ ದೇಶದಲ್ಲಿ ಮೊದಲ ಸುತ್ತಿನಲ್ಲೇ ಸಿದ್ಧವಾಗಿತ್ತು. ಅದನ್ನು ಕನ್ನಡದಲ್ಲಿ ನಡೆಸಬಲ್ಲವರು ಆಂಧ್ರದ ಮಂಡಲ ಕೇಂದ್ರದಲ್ಲಿ ಇರಬೇಕು ಎಂಬುದಷ್ಟೇ ಬಾಕಿ.

ಕಿವಿ ಕೇಳದ ಮಕ್ಕಳ ಕಥೆ ಬೇರೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಗಡಿಯ ಎರಡೂ ಬದಿ ಹಳೆಯದು. ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಅನುವಂಶೀಯ ಕಿವುಡುತನದ ಸಂಭವ ಹೆಚ್ಚು ಎಂದು ವೈದ್ಯರು ಹೇಳುತ್ತಲೇ ಬಂದಿದ್ದಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ಅವಿಭಜಿತ ಆಂಧ್ರದಲ್ಲಿ 2007ರಲ್ಲಿ ಶುರುವಾದ ಆರೋಗ್ಯಶ್ರೀ ಯೋಜನೆ ಎಳೆಯ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯನ್ನು ಉಚಿತ ಪಟ್ಟಿಗೆ ಸೇರಿಸಿದ್ದು ಆಗಿನ ಕಾಲಕ್ಕೆ ದೊಡ್ಡ ಸಾಹಸ. ಆದರೆ ಕಿವಿಯೊಳಗೆ ಯಂತ್ರ ಕೂರಿಸಿದ ಮಾತ್ರಕ್ಕೆ ಮಗು ಮಾತಾಡುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಶ್ರವಣ ತರಬೇತಿ ಬೇಕು, ಮತ್ತು ಅದು ಮನೆಯಲ್ಲಿ ಅವ್ವ ಆಡುವ ಮಾತಿನಲ್ಲೇ ಆಗಬೇಕು. ಚಿಕಿತ್ಸಕಿ ‘ಪಾಲು’ ಎಂದು ಕಲಿಸಿ, ಅವ್ವ ‘ಹಾಲು’ ಎಂದು ಕರೆದರೆ ಆಗತಾನೇ ಕೇಳಲು ಕಲಿಯುತ್ತಿರುವ ಮಗು ಎರಡನ್ನೂ ಹಿಡಿಯಲಾರದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಪಟ್ಟಿಗಳು, ಉಚ್ಚಾರಣೆಯ ಪರೀಕ್ಷೆಗಳು ಸಿದ್ಧವಾಗಿ ಎಷ್ಟೋ ಕಾಲವಾಯಿತು.

ಸಂಜ್ಞಾ ಭಾಷೆಯಲ್ಲಿ ಕಲಿಯುವ ಮಕ್ಕಳಿಗೆ ಈ ಗೋಜಲು ಕಡಿಮೆ. ಭಾರತೀಯ ಸಂಜ್ಞಾ ಭಾಷೆ ಕನ್ನಡದ್ದೂ ಅಲ್ಲ, ತೆಲುಗಿನದೂ ಅಲ್ಲ. ಅದಕ್ಕೆ ಅದರದೇ ವ್ಯಾಕರಣವಿದೆ. 2015ರಲ್ಲಿ ದೆಹಲಿಯಲ್ಲಿ ಅದಕ್ಕೊಂದು ರಾಷ್ಟ್ರೀಯ ಕೇಂದ್ರ ಬಂತು. 2018ರಲ್ಲಿ ಮೂರು ಸಾವಿರ ಪದಗಳಿಂದ ಆರಂಭವಾದ ಅದರ ನಿಘಂಟು 2021ರ ಹೊತ್ತಿಗೆ ಹತ್ತು ಸಾವಿರಕ್ಕೆ ಬೆಳೆಯಿತು. 2024ರ ಡಿಸೆಂಬರ್‌ನಲ್ಲಿ ಪಿಎಂ ಇ-ವಿದ್ಯಾದ 31ನೇ ಡಿಟಿಎಚ್ ವಾಹಿನಿಯನ್ನು ಪೂರ್ತಿಯಾಗಿ ಸಂಜ್ಞಾ ಭಾಷೆಗೆ ಮೀಸಲಿಡಲಾಯಿತು. ಕೈಯಲ್ಲಿ ಕಲಿತದ್ದು ಗಡಿ ದಾಟಿದರೂ ಬದಲಾಗುವುದಿಲ್ಲ. ಕಷ್ಟ ಬರುವುದು ಓದು ಬರಹಕ್ಕೆ ಬಂದಾಗ. ಕಿವಿಯಿಂದ ಒಂದು ಭಾಷೆಯನ್ನೂ ಪೂರ್ತಿ ಕೇಳದ ಮಗುವಿನ ಮುಂದೆ ಶಾಲೆ ಕನ್ನಡ, ತೆಲುಗು, ಇಂಗ್ಲಿಷ್ ಹೀಗೆ ಸಾಲಾಗಿ ಪುಸ್ತಕ ಇಡುತ್ತದೆ.

ಕಣ್ಣಿಲ್ಲದ ಮಕ್ಕಳ ವಿಷಯದಲ್ಲಿ ಹಿಂದಿನವರು ತೋರಿದ ದೂರದೃಷ್ಟಿಗೆ ಬೆರಗಾಗಬೇಕು. ಸ್ವಾತಂತ್ರ್ಯಕ್ಕೆ ಮುಂಚೆ ದೇಶದಲ್ಲಿ ಹಲವು ಬಗೆಯ ಬ್ರೈಲ್ ಪದ್ಧತಿಗಳಿದ್ದವು. 1951ರಲ್ಲಿ ಎಲ್ಲವನ್ನೂ ಸೇರಿಸಿ ‘ಭಾರತಿ ಬ್ರೈಲ್’ ಒಪ್ಪಿಕೊಂಡಾಗ, ಯಾವ ಭಾರತೀಯ ಭಾಷೆಯಾದರೂ ಒಂದೇ ಉಚ್ಚಾರಣೆಯ ಅಕ್ಷರಕ್ಕೆ ಒಂದೇ ಚುಕ್ಕಿಗಳ ಗುಂಪು ಎಂಬ ತತ್ವ ಇಟ್ಟುಕೊಂಡರು. ಹೀಗಾಗಿ ಬೆರಳಿಗೆ ಕನ್ನಡದ ‘ಕ’ ಮತ್ತು ತೆಲುಗಿನ ‘ಕ’ ಒಂದೇ. ಕಣ್ಣಿರುವ ಮಗು ಎರಡು ಲಿಪಿ ಕಲಿಯಬೇಕಾದ ಮಡಕಶಿರಾದಲ್ಲಿ, ಬ್ರೈಲ್ ಓದುವ ಮಗು ಒಂದನ್ನು ಕಲಿತು ಎರಡನ್ನೂ ಓದಬಲ್ಲದು. ತೆಲುಗು ಮಾತ್ರ ಬಲ್ಲ ವಿಶೇಷ ಶಿಕ್ಷಕಿಯೂ ಕನ್ನಡ ಮಗುವಿಗೆ ಬ್ರೈಲ್ ಹೇಳಿಕೊಡಬಹುದು. ತೊಂದರೆ ಇರುವುದು ಪುಸ್ತಕದಲ್ಲಿ. ಕನ್ನಡ ಬ್ರೈಲ್ ಪುಸ್ತಕ ಎಂದರೆ ಮೈಸೂರಿನ ಸರ್ಕಾರಿ ಬ್ರೈಲ್ ಮುದ್ರಣಾಲಯ ನೆನಪಾಗುತ್ತದೆ, ಆದರೆ ಕರ್ನಾಟಕದ ಪಠ್ಯವೇ ಬೇರೆ, ಆಂಧ್ರದ ಕನ್ನಡ ಮಾಧ್ಯಮದ ಪಠ್ಯವೇ ಬೇರೆ. ಮೊಬೈಲ್ ಈ ಅಂತರವನ್ನು ಸ್ವಲ್ಪ ಮುಚ್ಚುತ್ತಿದೆ. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಈಗ ಸಾಧಾರಣ ಫೋನಿನಲ್ಲೂ ಇದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಪಠ್ಯಪುಸ್ತಕ ಯೂನಿಕೋಡ್‌ನಲ್ಲಿದ್ದರೆ ಸಾಕು, ಯಂತ್ರ ಓದುತ್ತದೆ. ಚಿತ್ರವಾಗಿ ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್ ಮುಂದೆ ಅದಕ್ಕೂ ದಾರಿ ತೋಚುವುದಿಲ್ಲ.

ಬೌದ್ಧಿಕ ನ್ಯೂನತೆ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಈ ಸೀಮೆಯಲ್ಲಿ ಸರ್ಕಾರದಷ್ಟೇ ದೊಡ್ಡ ಆಸರೆಯಾಗಿ ಬೆಳೆದದ್ದು ಒಂದು ಸ್ವಯಂಸೇವಾ ಸಂಸ್ಥೆ. ಸ್ಪೇನ್‌ನಿಂದ ಬಂದ ವಿಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ಆರಂಭಿಸಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್, ಊರವರ ಬಾಯಲ್ಲಿ ‘ಆರ್‌ಡಿಟಿ’, ಬತ್ತಲಪಲ್ಲಿಯ ಆಸ್ಪತ್ರೆಯಿಂದ ಹಿಡಿದು ಶ್ರವಣದ, ದೃಷ್ಟಿಯ, ಬುದ್ಧಿಯ ತೊಂದರೆಯಿರುವ ಮಕ್ಕಳ ವಸತಿ ಶಾಲೆಗಳವರೆಗೆ ಕಟ್ಟಿತು. ಫೆರರ್ 2009ರಲ್ಲಿ ತೀರಿಕೊಂಡರು. ಬರದ ಜಿಲ್ಲೆಯ ಬಡ ಕುಟುಂಬಗಳ ಎಷ್ಟೋ ಮಕ್ಕಳಿಗೆ ವಿಶೇಷ ಶಾಲೆ ಎಂದರೆ ಆರ್‌ಡಿಟಿ ಶಾಲೆಯೇ. ‘ಊರ ಶಾಲೆಯಲ್ಲೇ ಎಲ್ಲರ ಜೊತೆ’ ಎಂಬ ಇಂದಿನ ನೀತಿಗೆ ವಸತಿ ಶಾಲೆ ಹಳೆಯ ಮಾದರಿಯಂತೆ ಕಾಣಬಹುದು. ಆದರೆ ಊರ ಶಾಲೆಯಲ್ಲಿ ಸಂಜ್ಞಾ ಭಾಷೆ ಬಲ್ಲವರು ಒಬ್ಬರೂ ಇಲ್ಲದಿದ್ದರೆ, ತನ್ನಂತೆ ಕೈಯಲ್ಲಿ ಮಾತಾಡುವ ಹತ್ತಾರು ಮಕ್ಕಳಿರುವ ಹಾಸ್ಟೆಲೇ ಕಿವಿ ಕೇಳದ ಮಗುವಿಗೆ ನಿಜವಾದ ಜೊತೆ. 2016ರ ಕಾಯ್ದೆ ಆಯ್ಕೆಯನ್ನು ಮಗುವಿಗೇ ಬಿಟ್ಟಿರುವುದು ಜಾಣತನ.

ಇನ್ನು ಸರ್ಟಿಫಿಕೇಟು. ಆಂಧ್ರದಲ್ಲಿ ಎಲ್ಲಕ್ಕೂ ಬೇಕಾದದ್ದು ‘ಸದರಂ’ ಎಂಬ ವೈಕಲ್ಯ ಪ್ರಮಾಣಪತ್ರ. ಗ್ರಾಮ ಸಚಿವಾಲಯದಲ್ಲೋ ಮೀಸೇವಾದಲ್ಲೋ ಸ್ಲಾಟ್ ಹಿಡಿದು, ಮಡಕಶಿರಾ ಕಡೆಯವರಾದರೆ ಹಿಂದೂಪುರದಂಥ ಊರಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ, ಡಾಕ್ಟರು ಬರೆದ ಶೇಕಡಾವಾರು ಕಂಪ್ಯೂಟರಿಗೆ ಏರಬೇಕು. ರಾಯದುರ್ಗದವರು ಮಗುವನ್ನು ತೋರಿಸಲು ಬಳ್ಳಾರಿಗೆ, ಮಡಕಶಿರಾದವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಬಂದಿದ್ದರೂ ಸದರಂ ಶಿಬಿರದ ಮುಂದೆ ಮತ್ತೆ ನಿಲ್ಲಲೇಬೇಕು. 2024ರ ಜುಲೈನಿಂದ ಆಂಧ್ರದಲ್ಲಿ ವಿಕಲಚೇತನರ ಪಿಂಚಣಿ ತಿಂಗಳಿಗೆ 3,000ದಿಂದ 6,000 ರೂಪಾಯಿಗೆ ಏರಿತು. ಹಾಸಿಗೆ ಹಿಡಿದವರಿಗೆ 15,000. ಮಳೆ ನಂಬಿದ ಕಡಲೆಕಾಯಿ ಹೊಲದ ಮನೆಗೆ ಅದು ಪುಡಿಗಾಸಲ್ಲ. ಹಾಗಾಗಿಯೇ 2025ರಲ್ಲಿ ಸರ್ಕಾರ ಪ್ರಮಾಣಪತ್ರಗಳ ಮರುತಪಾಸಣೆ ನಡೆಸಿ ನೋಟಿಸು ಕಳಿಸಿದಾಗ ರಾಜ್ಯವಿಡೀ ಗಾಬರಿಯಾಯಿತು.

ಶಿಕ್ಷಣಕ್ಕೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಶಾಲೆಯ ಸೌಲಭ್ಯಕ್ಕೂ ಪಿಂಚಣಿಗೂ ಒಂದೇ ಶೇಕಡಾವಾರು ಅಳತೆಗೋಲು. ವ್ಯಾಯಾಮ, ತರಬೇತಿ, ಶ್ರವಣ ಸಾಧನದಿಂದ ಮಗು ಸುಧಾರಿಸಲಿ ಎಂದು ಭವಿತ ಕೇಂದ್ರ ದುಡಿಯುತ್ತದೆ; ಸುಧಾರಿಸಿದರೆ ಶೇಕಡಾವಾರು ಇಳಿದೀತು ಎಂಬ ಅಂಜಿಕೆ ಮನೆಯಲ್ಲಿ. ತಂದೆತಾಯಿಯನ್ನು ದೂರುವಂತಿಲ್ಲ. ಮಗುವಿನ ಕಲಿಕೆಯ ಅಗತ್ಯವನ್ನು ಅಳೆಯುವುದಕ್ಕೂ ಮನೆಯ ಬಡತನಕ್ಕೆ ಪರಿಹಾರ ಕೊಡುವುದಕ್ಕೂ ಸರ್ಕಾರ ಒಂದೇ ಚೀಟಿ ಬಳಸುವುದರ ಫಲ ಇದು.

ಕನ್ನಡ ಮಕ್ಕಳ ವಿಶೇಷ ಶಿಕ್ಷಣಕ್ಕೆ ಬೇಕಾದ ಆಡಳಿತದ ಬಿಡಿಭಾಗಗಳು ಆಂಧ್ರದಲ್ಲಿ ಈಗಾಗಲೇ ಇವೆ. ಅನಂತಪುರದ ಡಿಎಸ್‌ಸಿ ಶಿಕ್ಷಕರ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದ ಹುದ್ದೆಗಳನ್ನು ಪ್ರತ್ಯೇಕವಾಗಿ ತೋರಿಸುವ ಪದ್ಧತಿ ಹಳೆಯದು. ಆಂಧ್ರದ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಮೊದಲ ಭಾಷೆಯಾಗಿ ಕನ್ನಡ ತೆಗೆದುಕೊಳ್ಳುವವರಿಗೆ ಅವಕಾಶವಿದೆ. ವಿಶೇಷ ಶಿಕ್ಷಕರಿಗಾಗಿ 1-ಬಿ ಮತ್ತು 2-ಬಿ ಎಂಬ ಬೇರೆ ಪತ್ರಿಕೆಗಳೂ ಇವೆ. ಮಕ್ಕಳ ವಿವರವನ್ನು ಹೆಸರುವಾರು ದಾಖಲಿಸುವ ಯುಡೈಸ್ ಪ್ಲಸ್‌ನಲ್ಲಿ ಕಲಿಕಾ ಮಾಧ್ಯಮವೂ ಸಿಗುತ್ತದೆ, ವೈಕಲ್ಯದ ಬಗೆಯೂ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಹಾಕಿ ನೋಡಿದರೆ ಅಗಳಿಯಲ್ಲಿ, ಡಿ. ಹಿರೇಹಾಳಿನಲ್ಲಿ ಕನ್ನಡ ಬಲ್ಲ ವಿಶೇಷ ಶಿಕ್ಷಕರು ಎಷ್ಟು ಬೇಕೆಂಬ ಸಂಖ್ಯೆ ಒಂದು ಮಧ್ಯಾಹ್ನದಲ್ಲಿ ಹೊರಬರುತ್ತದೆ. ಹೊಸ 2,260 ಹುದ್ದೆಗಳನ್ನು ಜಿಲ್ಲೆಗಳಿಗೆ ಹಂಚಿ ತುಂಬುವಾಗ, ಅನಂತಪುರ ಮತ್ತು ಪುಟ್ಟಪರ್ತಿಯ ಕಚೇರಿಗಳು ತಮ್ಮ ಪಟ್ಟಿಯಲ್ಲಿ ಕನ್ನಡಕ್ಕೆ ಒಂದು ಅಂಕಣ ಎಳೆಯಬೇಕು. ಅದಕ್ಕೆ ಹೊಸ ಕಾಯ್ದೆಯೂ ಬೇಡ, ಹೊಸ ಹಣವೂ ಬೇಡ.